ಬಲಗಡೆಯ ಬಾನೆಟ್ ಲಾಕ್

ಬಿಸ್ಕತ್ತಿನ ಡಬ್ಬದ ಮುಚ್ಚಳ ತೆಗೆದಾಗ ಮೊದಲು ಬಂದದ್ದು ಹಳೆಯ ಗ್ರೀಸಿನ ವಾಸನೆ. ಒಳಗೆ ಪೇಪರಿನಲ್ಲಿ ಸುತ್ತಿದ್ದ ಎರಡು ಬಾನೆಟ್ ಲಾಕುಗಳು. ಅವನ್ನು ರಿಪೇರಿ ಮಾಡಿಕೊಟ್ಟವರು ಕೊಪ್ಪದ ಗ್ಯಾರೇಜಿನ ಮೇಸ್ತ್ರಿ... ತೀರಿಕೊಂಡು ಮೂರು ವರ್ಷವಾಯಿತು. ಊರಿಗೆಲ್ಲ ಅವರು ಮೇಸ್ತ್ರಿ, ನನಗೂ ಅಷ್ಟೇ.

ನನ್ನದೊಂದು ಹಳೆಯ ಮಿಲಿಟರಿ ಜೀಪಿದೆ. ಸೈನ್ಯದವರು ಹರಾಜು ಹಾಕಿದ್ದನ್ನು ನಮ್ಮ ಮಾವ ನಮ್ಮೂರು ಮುತ್ತಿನಕೊಪ್ಪಕ್ಕೆ ತಂದದ್ದು. ಮನೆಯವರ ಪ್ರಕಾರ ಅದು ಓಡಿದ್ದಕ್ಕಿಂತ ರಿಪೇರಿಗೆ ನಿಂತದ್ದೇ ಹೆಚ್ಚು, ಸುಳ್ಳಲ್ಲ. ಬಾನೆಟ್ ಎದ್ದು ಹಾರದಂತೆ ಎರಡೂ ಬದಿಗೆ ಒಂದೊಂದು ಲಾಕ್. ಎಳೆದು ಕೊಕ್ಕೆ ಸಿಕ್ಕಿಸಿದರೆ ಒಳಗಿನ ಸ್ಪ್ರಿಂಗು ಬಿಗಿಯಾಗಿ ಹಿಡಿದುಕೊಳ್ಳಬೇಕು. ನಮ್ಮದರಲ್ಲಿ ಕೊಕ್ಕೆ ಸವೆದು, ಸ್ಪ್ರಿಂಗು ಸಡಿಲವಾಗಿ, ಬಾನೆಟ್ಟನ್ನು ಟ್ಯೂಬಿನ ರಬ್ಬರಿನಿಂದ ಕಟ್ಟಿಕೊಂಡು ಓಡಾಡುತ್ತಿದ್ದೆ.

ನಾಲ್ಕೈದು ವರ್ಷದ ಹಿಂದೆ, ಆಗಸ್ಟ್ ಹದಿನೈದರ ಮೆರವಣಿಗೆಗೆ ಜೀಪು ಬೇಕೆಂದು ಕೊಪ್ಪದಿಂದ ಫೋನ್ ಬಂತು. ರಬ್ಬರ್ ಕಟ್ಟಿಕೊಂಡು ಹೋದರೆ ಮರ್ಯಾದೆ ಪ್ರಶ್ನೆ. ಲಾಕುಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ಮೇಸ್ತ್ರಿಯ ಗ್ಯಾರೇಜಿಗೆ ಹೋದೆ.

ಅವರು ಹಳೆಯದನ್ನು ಎಸೆಯುವವರಲ್ಲ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಸವೆದ ಕೊಕ್ಕೆಗೆ ಹಿತ್ತಾಳೆ ಕರಗಿಸಿ ತುಂಬಿ, ಅರದಿಂದ ಉಜ್ಜಿ ಉಜ್ಜಿ ಮೊದಲಿನ ಆಕಾರಕ್ಕೆ ತಂದರು. ಸ್ಪ್ರಿಂಗನ್ನೂ ಕೈಯಲ್ಲೇ ಸುತ್ತಿದರು. ಆಗಲೇ ಅವರ ಕೈ ನಡುಗುತ್ತಿತ್ತು. ಅರ ಹಿಡಿದಾಗ ನಡುಕ ನಿಲ್ಲುತ್ತಿತ್ತೋ, ನನಗೆ ಹಾಗೆ ಕಂಡಿತೋ... ನೆನಪಾಗುತ್ತಿಲ್ಲ.

"ನಾಳೆ ಜೀಪ್ ತಗಂಡ್ ಬಾ ಮಾರಾಯ. ಗಾಡಿ ಮೇಲೆ ಕೂರ್ಸಿ ನೋಡ್ದೆ ನಾನು ಕೆಲ್ಸ ಮುಗೀತು ಅನ್ನಲ್ಲ," ಎಂದರು.

"ನಾನೇ ಹಾಕ್ಕೊಳ್ತೀನಿ ಮೇಸ್ತ್ರಿ," ಎಂದು ತಂದುಬಿಟ್ಟೆ. ಸೋಮಾರಿತನ, ಮತ್ತೇನಲ್ಲ.

ಎಡಗಡೆಯದು ಸರಿಯಾಗಿ ಕೂತಿತು. ಬಲಗಡೆಯದು ಹಿಡಿಯಲೇ ಇಲ್ಲ. ಎಷ್ಟು ಎಳೆದರೂ ತಪ್ಪಿಸಿಕೊಂಡು ಸಿಡಿಯಿತು. ಮೇಸ್ತ್ರಿಗೆ ವಯಸ್ಸಾಯಿತು, ಕೈ ಹೋಯಿತು ಎಂದು ನಾನೇ ತೀರ್ಪು ಕೊಟ್ಟೆ. ವಾಪಸು ಒಯ್ದರೆ ನೊಂದುಕೊಳ್ಳುತ್ತಾರೆಂದು ನೆಪ ಮಾಡಿಕೊಂಡು ಎನ್.ಆರ್. ಪುರದ ವೆಲ್ಡಿಂಗ್ ಅಂಗಡಿಗೆ ಹೋದೆ. ಅಲ್ಲಿಗೆ ಮಾತ್ರ ಜೀಪನ್ನೇ ಒಯ್ದೆ, ನೋಡಿ. ಅಂಗಡಿಯವನು ಗ್ರೈಂಡರ್ ಹಿಡಿದು ಒಂದು ಗಂಟೆಯಲ್ಲಿ ಎರಡೂ ಹೊಸದು ಮಾಡಿಕೊಟ್ಟ. ಮೇಸ್ತ್ರಿಯವು ಡಬ್ಬ ಸೇರಿದವು.

ಮೆರವಣಿಗೆ ಹೊರಡುವ ಹೊತ್ತಿಗೆ ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಬಾನೆಟ್ ತುಂಬ ಚೆಂಡುಹೂವಿನ ಹಾರ. ಅದರ ಕೆಳಗೆ ಕೈ ಹಾಕಿ ಲಾಕನ್ನು ಬೆರಳಿನಿಂದ ಸವರಿದರು.

"ನಂದು ಹಿಡೀಲಿಲ್ವಾ?"

"ಬಲಗಡೇದು ಹಿಡೀಲಿಲ್ಲ ಮೇಸ್ತ್ರಿ."

ಅವರು ತಮ್ಮ ಕೈಯನ್ನು ನೋಡಿಕೊಂಡರು. ಹಿಂದಿನ ಗಾಡಿಯವರು ಹಾರ್ನ್ ಹೊಡೆದರು, ನಾನು ಜೀಪು ಮುಂದೆ ಬಿಟ್ಟೆ. ದಸರೆಯ ಹೊತ್ತಿಗೆ ಗ್ಯಾರೇಜು ಮುಚ್ಚಿತು. ಇನ್ನು ಕೈ ನಡೆಯುವುದಿಲ್ಲ ಎಂದರಂತೆ. ಮರುವರ್ಷ ಹೋಗಿಬಿಟ್ಟರು. ತಿಥಿಯ ಊಟಕ್ಕೆ ಹೋದೆ, ಉಂಡು ಬಂದೆ.

ಕಳೆದ ವಾರ ಎನ್.ಆರ್. ಪುರದಲ್ಲಿ ಮಾಡಿಸಿದ ಬಲಗಡೆಯ ಲಾಕ್ ಮುರಿಯಿತು. ಹಾಗಾಗಿ ಡಬ್ಬ ತೆಗೆದದ್ದು. ಮೇಸ್ತ್ರಿಯದನ್ನು ಕೂರಿಸಲು ಬಗ್ಗಿದಾಗ, ಬಾನೆಟ್ಟಿನಲ್ಲಿ ಕೊಕ್ಕೆ ಸಿಕ್ಕಿಸುವ ಪಟ್ಟಿಯೇ ಒಳಕ್ಕೆ ಬಾಗಿರುವುದು ಕಂಡಿತು. ಲಾಕುಗಳನ್ನು ಮೇಸ್ತ್ರಿಗೆ ಒಯ್ಯುವ ಮೊದಲೇ ಯಾವಾಗಲೋ ಗೇಟಿನ ಕಂಬಕ್ಕೆ ಉಜ್ಜಿಸಿದ್ದು ನಾನೇ. ವೆಲ್ಡಿಂಗಿನವನು ಅದಕ್ಕೆ ತಕ್ಕಂತೆ ಕೊಕ್ಕೆಯನ್ನು ಉದ್ದ ಮಾಡಿದ್ದ, ಅಷ್ಟೇ. ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ಪಟ್ಟಿಯನ್ನು ನೆಟ್ಟಗೆ ಮಾಡಿದೆ. ಮೇಸ್ತ್ರಿಯ ಲಾಕ್ ಒಂದೇ ಎಳೆತಕ್ಕೆ ಟಕ್ಕೆಂದು ಕೂತಿತು. ಸಂತೋಷವೂ ಆಗಲಿಲ್ಲ, ಅಳುವೂ ಬರಲಿಲ್ಲ. ಬಿಚ್ಚಿ ಮತ್ತೊಮ್ಮೆ ಹಾಕಿದೆ, ಮತ್ತೂ ಟಕ್ಕೆಂದೇ ಕೂತಿತು.

ಮರುದಿನ ಶೃಂಗೇರಿಗೆ ಹೋದೆ. ಮೇಸ್ತ್ರಿಯ ಹೆಂಡತಿ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ನಡೆದದ್ದನ್ನೆಲ್ಲ ಹೇಳಿದೆ. "ಅವ್ರ ಕೈ ಸರಿಯಾಗೇ ಇತ್ತಮ್ಮ. ತಪ್ಪು ನಂದು."

ಅವರು ಒಳಗೆ ಹೋಗಿ ಕಾಫಿಗೆ ನೀರಿಟ್ಟು ಬಂದರು.

"ಕೊನೇ ದಿನಗಳಲ್ಲಿ ಮಲಗಿದಲ್ಲೇ ಅರ ಉಜ್ಜಿದಂಗೆ ಕೈ ಆಡಿಸೋರು," ಎಂದರು. "ಬಲಗಡೇದು ಎಲ್ಲಿ ತಪ್ತು ಅಂತ ನನ್ನ ಕೇಳೋರು. ನಂಗೇನ್ ಗೊತ್ತಾಗ್ತದೆ?"

ಕಾಫಿ ಕೊಟ್ಟರು, ಕುಡಿದೆ. ಮೇಸ್ತ್ರಿ ಹಾಗೆ ಕೇಳುತ್ತ ಮಲಗಿದ್ದಷ್ಟು ದಿನವೂ ಉತ್ತರ ನಮ್ಮ ಜೀಪಿನ ಶೆಡ್ಡಿನಲ್ಲೇ ನಿಂತಿತ್ತು. ನಾನು ಒಂದು ದಿನವೂ ಬಗ್ಗಿ ನೋಡಲಿಲ್ಲ.