ಒಂಬತ್ತು ದಿನ, ಒಂದು ಕಿವಿ

ಎಡಗಡೆಯ ಇಯರ್‌ಫೋನ್ ಕೆಟ್ಟಿದೆ ಅಂದುಕೊಂಡೆ.

ದಸರೆ ರಜೆಗೆಂದು ದೇವದುರ್ಗದ ತವರಿಗೆ ಬಂದ ಮೂರನೇ ಬೆಳಿಗ್ಗೆ. ಉಪ್ಪಿಟ್ಟು ತಿಂದು ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದೆ. ನಮ್ಮಣ್ಣ ಮಲ್ಲಣ್ಣ ಅಟ್ಟದಿಂದ ತಗಡಿನ ಡಬ್ಬಿಯೊಂದನ್ನು ಇಳಿಸಿಕೊಂಡು ಬಂದ. ಅದರ ತುಂಬ ಹಳೆಯ ಕ್ಯಾಸೆಟ್ಟುಗಳು. ಜೊತೆಗೆ ಅವನು ಕಾಲೇಜಿಗೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ವಾಕ್‌ಮನ್. ರಾಯಚೂರಿಗೆ ಒಯ್ದು ರಿಪೇರಿ ಮಾಡಿಸಿದ್ದನಂತೆ. ನಿನ್ನ ಕ್ಯಾಸೆಟ್ಟೂ ಸಿಕ್ಕಿದೆ ನೋಡು ಎಂದು ಒಂದನ್ನು ಹಾಕಿ ಕೊಟ್ಟ.

ಹಾಡು ಶುರುವಾಯಿತು. ಹಾಡುವವರ ದನಿ ಬಂತು, ತಬಲಾ ಬಂತು. ಆ ಹಾಡಿಗೆ ಮೊದಲಲ್ಲಿ ಒಂದು ಕೊಳಲಿದೆ. ಆರನೇ ಕ್ಲಾಸಿನಿಂದ ನನಗೆ ಗೊತ್ತಿರುವ ಕೊಳಲು. ಅದು ಬರಲಿಲ್ಲ.

ತಂತಿ ಹೋಗಿದೆ ಎಂದೆ. ಅಣ್ಣ ತಾನು ಹಾಕಿಕೊಂಡು ನೋಡಿ, ಎರಡೂ ಸರಿ ಇವೆ ಎಂದ. ಎಡದ್ದನ್ನು ಬಲಗಿವಿಗೆ, ಬಲದ್ದನ್ನು ಎಡಗಿವಿಗೆ ಹಾಕಿ ಕೊಟ್ಟ. ಈಗ ಕೊಳಲು ಬಂತು. ಹಾಡುವವರು ಹೋದರು.

ಕೆಟ್ಟಿದ್ದು ಇಯರ್‌ಫೋನ್ ಅಲ್ಲ.

ನಾನು ಸುಮಂಗಲಾ. ಮಾನ್ವಿಯಲ್ಲಿ ಮನೆ, ಕುರ್ಡಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ. ನಮ್ಮ ಯಜಮಾನರು ಅಕ್ಕಿ ಗಿರಣಿಯಲ್ಲಿ ಮೆಷಿನ್ನು ನೋಡಿಕೊಳ್ಳುತ್ತಾರೆ. ಇಪ್ಪತ್ತು ವರ್ಷ ಆ ಗದ್ದಲದಲ್ಲಿ ನಿಂತ ಅವರ ಎರಡೂ ಕಿವಿ ನೆಟ್ಟಗಿವೆ. ತವರಿನಲ್ಲಿ ಆರಾಮಾಗಿ ಕೂತಿದ್ದವಳ ಕಿವಿ ಹೋಯಿತು. ಇದನ್ನು ಬರೆಯುತ್ತಿರುವುದು ಮನಸ್ಸಿನ ಸಮಾಧಾನಕ್ಕಲ್ಲ. ನಮ್ಮಣ್ಣ ಓದಲಿ ಅಂತ. ಅವನ ಕಣ್ಣು ಚೆನ್ನಾಗಿವೆ.

ಅಣ್ಣನದು ಬಸ್ ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಅಂಗಡಿ. ಔಷಧ ಮಾರುವುದಕ್ಕೆ ಬೇಕಾದಷ್ಟು ಓದಿದ್ದಾನೆ, ಅದಕ್ಕಿಂತ ಒಂದಿಂಚು ಹೆಚ್ಚು ಓದಿಲ್ಲ. ಆದರೆ ಸುತ್ತಲಿನ ಹಳ್ಳಿಯವರು ಅವನನ್ನು ಡಾಕ್ಟರ್ ಮಲ್ಲಣ್ಣ ಎಂದೇ ಕರೆಯುವುದು. ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದಕ್ಕಿಂತ ಇವನ ಕಟ್ಟೆಯ ಮುಂದೆ ನಿಂತು ನೋವು ಹೇಳಿಕೊಂಡರೆ ಎರಡು ಗುಳಿಗೆ ಸಿಗುತ್ತವೆ. ನಾನು ಡಾಕ್ಟರಲ್ಲ ಎಂದು ಅವನು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ, ಎರಡು ಕಿವಿ ಇದ್ದಾಗಲೂ.

ಮೊಬೈಲಿನ ಬೆಳಕು ಬಿಟ್ಟು ನನ್ನ ಕಿವಿ ನೋಡಿದ. ಗುಗ್ಗೆ ಕೂತಿದೆ, ಹನಿ ಬಿಟ್ಟರೆ ಕರಗುತ್ತದೆ ಎಂದು ಅಂಗಡಿಯಿಂದ ಸಣ್ಣ ಬಾಟಲಿ ತಂದ. ದಿನಕ್ಕೆ ಮೂರು ಸಲ ಹನಿ. ಮರುದಿನ ಕಿವಿಯೊಳಗೆ ಗುಂಯ್ ಎನ್ನುವ ಸದ್ದು ಶುರುವಾಯಿತು, ಕುಕ್ಕರ್ ಕೂಗುವುದಕ್ಕೆ ಮುಂಚೆ ಬರುತ್ತದಲ್ಲ, ಹಾಗೆ. ಎದ್ದು ನಿಂತರೆ ತಲೆ ತಿರುಗಿತು. ರಾಯಚೂರಿಗೆ ಹೋಗಿ ತೋರಿಸಿಕೊಂಡು ಬರುತ್ತೇನೆ ಎಂದೆ.

ಬಸ್ಸಿಗೇನೂ ಬರವಿಲ್ಲ. ಕಲ್ಮಲ ದಾಟಿದರೆ ರಾಯಚೂರೇ. ಅಡ್ಡ ಬಂದದ್ದು ಘಟ್ಟ.

ನಮ್ಮ ಮನೆಯಲ್ಲಿ ದಸರೆಗೆ ಘಟ್ಟ ಹಾಕುತ್ತೇವೆ. ಮಣ್ಣಿನಲ್ಲಿ ಕಾಳು ಬಿತ್ತಿ, ನಡುವೆ ನೀರು ತುಂಬಿದ ಗಡಿಗೆ ಇಟ್ಟು, ಪಕ್ಕದಲ್ಲಿ ಹಚ್ಚಿದ ದೀಪವನ್ನು ಆರದಂತೆ ಕಾಯುತ್ತೇವೆ. ಘಟ್ಟ ಹಾಕುವ ಹೊತ್ತಿಗೆ ಹೊಸ್ತಿಲೊಳಗೆ ಯಾರ್ಯಾರು ಇದ್ದಾರೋ ಅವರು ದಶಮಿಗೆ ಅದು ಏಳುವವರೆಗೆ ಊರ ಗಡಿ ದಾಟಬಾರದು. ಇದು ಅಜ್ಜಿಯ ಕಾಲದಿಂದ ಬಂದ ಕಟ್ಟು. ಓಣಿಯ ಬೇರೆ ಮನೆಗಳಲ್ಲಿ ಇಲ್ಲ, ನಮ್ಮಲ್ಲಿದೆ. ನಾನು ಘಟ್ಟ ಹಾಕುವ ಹಿಂದಿನ ಸಂಜೆಯೇ ಬಂದಿಳಿದು ಸಿಕ್ಕಿಬಿದ್ದಿದ್ದೆ.

ಅವ್ವನನ್ನು ನಾನು ದೂರುವುದಿಲ್ಲ. ಅವಳು ಅಣ್ಣನನ್ನು ಕರೆದು ನನ್ನೆದುರೇ ಕೇಳಿದಳು. "ಕಿವಿ ಅಂದ್ರ ಹಗರ ಅಲ್ಲಪ್ಪ. ಹೋಗಬೇಕಂದ್ರ ಹೋಗ್ಲಿ. ದೀಪದ ಮುಂದ ತಪ್ಪು ನಾ ಬೇಡ್ಕೋತೀನಿ."

ಅಣ್ಣ ಹೇಳಿದ್ದು ಇಷ್ಟು. "ಏನೂ ಅವಸರ ಇಲ್ಲ ಬೇ ಯವ್ವಾ. ಗುಗ್ಗಿ ಅದ ಅಷ್ಟೇ. ಘಟ್ಟ ಏಳ್ಲಿ, ಆಮ್ಯಾಲ ನಾನೇ ಕರ್ಕೊಂಡು ಹೋಗ್ತೀನಿ."

ಹೋಗಲಿ ಎಂಬ ಒಂದೇ ಮಾತು ಅವನ ಬಾಯಿಂದ ಬಂದಿದ್ದರೆ ಸಾಕಿತ್ತು.

ಹಾಗಾದರೆ ನೀನೇ ಎದ್ದು ಹೋಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ನಾನೂ ಕೇಳಿಕೊಂಡಿದ್ದೇನೆ. ನಲವತ್ತೊಂದು ವರ್ಷದ ಹೆಂಗಸು, ಅರವತ್ತು ಮಕ್ಕಳ ಕ್ಲಾಸನ್ನು ಕಣ್ಣಿನಲ್ಲೇ ಸುಮ್ಮನಿರಿಸುವವಳು. ಆದರೆ ತವರಿನ ಹೊಸ್ತಿಲು ದಾಟಿ ಒಳಗೆ ಬಂದರೆ ನನಗೆ ಹನ್ನೊಂದು ವರ್ಷ. ಅಣ್ಣ ಹೇಳಿದ್ದೇ ಕಾಯಿದೆ.

ಆ ಹನ್ನೊಂದರ ವಯಸ್ಸಿನ ಬಗ್ಗೆ ಈಗ ಎಲ್ಲರಿಗೂ ಭಾರಿ ಪ್ರೀತಿ. ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರೇ 'ಬಂಗಾರದ ದಿನಗಳು'. ಅದಕ್ಕೆ ಅಡ್ಮಿನ್ ಅಣ್ಣ. ದಿನಾ ಒಂದು ಚಿತ್ರ ಹಾಕುತ್ತಾನೆ. ಮಾಳಿಗೆಯ ಮೇಲಿನ ಆಂಟೆನಾ. ಕ್ಯಾಸೆಟ್ಟಿನ ತೂತಿಗೆ ಸಿಕ್ಕಿಸಿದ ಪೆನ್ಸಿಲ್. ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಿದ್ದ ಸಿನಿಮಾ ಹಾಡಿನ ತೆಳು ಪುಸ್ತಕ. ಕೆಳಗೆ ಎಲ್ಲರೂ ಕೈ ಮುಗಿಯುತ್ತಾರೆ, ಆ ದಿನ ಮತ್ತೆ ಬರುವುದಿಲ್ಲ ಎನ್ನುತ್ತಾರೆ.

ಬರುವುದೇ ಬೇಡ. ಭಾನುವಾರ ಸಂಜೆ ಟಿವಿಯಲ್ಲಿ ಸಿನಿಮಾ ಬರುವಾಗ ಓಣಿಯ ಅರ್ಧ ಜನ ನಮ್ಮ ಪಡಸಾಲೆಯಲ್ಲಿ ಕೂತಿರುತ್ತಿದ್ದರು, ಅಣ್ಣ ಎಲ್ಲರಿಗಿಂತ ಮುಂದೆ. ಮಾಳಿಗೆಯ ಮೇಲೆ ಆಂಟೆನಾದ ಕೊಳವೆ ಹಿಡಿದು ನಿಂತವಳು ನಾನು. ಬಂತು, ಹೋತು, ಇನ್ನಷ್ಟು ತಿರುವು ಎಂದು ಅವನು ಕೆಳಗಿನಿಂದ ಕೂಗುವುದು, ನಾನು ತಿರುಗಿಸುವುದು. ನನ್ನ ಬಾಲ್ಯದ ಯಾವ ಸಿನಿಮಾದ ಮೊದಲರ್ಧವನ್ನೂ ನಾನು ನೋಡಿಲ್ಲ. ನಾಯಕ ಯಾಕೆ ಜೈಲಿಗೆ ಹೋದ, ತಾಯಿ ಯಾಕೆ ಕುರುಡಿಯಾದಳು, ಒಂದೂ ಗೊತ್ತಿಲ್ಲ. ನಾನು ಕೆಳಗೆ ಬರುವ ಹೊತ್ತಿಗೆ ಎಲ್ಲರೂ ಅಳುತ್ತಿರುತ್ತಿದ್ದರು.

ಇನ್ನು ಆ ಕ್ಯಾಸೆಟ್ಟು. ನನಗೆ ಇಷ್ಟವಾದ ಹನ್ನೆರಡು ಹಾಡುಗಳನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಕೊಟ್ಟು, ಕ್ಯಾಸೆಟ್ ಅಂಗಡಿಯಲ್ಲಿ ತುಂಬಿಸಿಕೊಂಡು ಬಂದಿದ್ದೆ. ಒಂದು ವಾರ ಕೇಳಿದೆ. ಎಂಟನೇ ದಿನ ಹಾಕಿದರೆ ಅಣ್ಣನ ದನಿ. ಸಿನಿಮಾದ ಡೈಲಾಗುಗಳನ್ನು ತಾನೇ ಹೊಡೆದು ರೆಕಾರ್ಡ್ ಮಾಡಿದ್ದ, ನನ್ನ ಹಾಡುಗಳ ಮೇಲೆ. ಉಳಿದದ್ದು ಕೊನೆಯ ಎರಡು ಹಾಡು. ಅದರಲ್ಲಿ ಒಂದನ್ನೇ ಆ ಬೆಳಿಗ್ಗೆ ನನ್ನ ಕಿವಿಗೆ ಹಾಕಿ, ದೊಡ್ಡ ಉಡುಗೊರೆ ಕೊಟ್ಟವನ ಹಾಗೆ ನಗುತ್ತ ಕೂತಿದ್ದ.

ಉಳಿದ ದಿನಗಳನ್ನು ಹೇಗೆ ಕಳೆದೆನೋ. ಅಣ್ಣ ಸ್ಪೀಕರ್ ಡಬ್ಬಿ ತಂದು ಹಳೆಯ ಹಾಡು ಹಾಕಿದ. ಮಕ್ಕಳು ಕುಣಿದರು. ನಾನು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ವಾಂತಿ ಮಾಡಿ ಬಂದೆ. ಹನಿ ಬಿಟ್ಟುಕೊಂಡೆ. ಘಟ್ಟದ ಮಣ್ಣಿನಲ್ಲಿ ಸಸಿ ಎದ್ದವು. ಘಟ್ಟ ಎದ್ದಿತು, ಬನ್ನಿ ಕೊಟ್ಟು ತೆಗೆದುಕೊಂಡಿದ್ದಾಯಿತು. ಮರುದಿನ ಕರೆದುಕೊಂಡು ಹೋಗುತ್ತೇನೆ ಎಂದಿದ್ದ ಅಣ್ಣನಿಗೆ ಅಂಗಡಿ ಬಿಡಲಾಗಲಿಲ್ಲ. ಮಾನ್ವಿಯಿಂದ ಯಜಮಾನರು ಬಂದು ಕರೆದೊಯ್ದರು.

ರಾಯಚೂರಿನ ಇಎನ್‌ಟಿ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಒಳಗೆ ನೋಡಿದರು. ಗುಗ್ಗೆಯ ಒಂದು ಚೂರೂ ಇರಲಿಲ್ಲ. ಆಡಿಯೋಗ್ರಾಮ್ ಮಾಡಿಸಲು ಸದ್ದಿಲ್ಲದ ಒಂದು ಕೋಣೆಯಲ್ಲಿ ಕೂರಿಸಿ, ಬೀಪ್ ಕೇಳಿದಾಗ ಒತ್ತಿ ಎಂದು ಕೈಗೆ ಬಟನ್ ಕೊಟ್ಟರು. ಬಲಗಿವಿಗೆ ಟಕಟಕ ಒತ್ತಿದೆ. ಎಡಗಿವಿಯ ಸರದಿ ಬಂತು. ಹೆಬ್ಬೆರಳು ಬಟನ್ ಮೇಲಿಟ್ಟು ಕಾದೆ. ಗಾಜಿನ ಆಚೆ ಕೂತ ಹುಡುಗಿ ನನ್ನ ಮುಖ ನೋಡುತ್ತಿದ್ದಳು, ಏನೋ ತಿರುಗಿಸುತ್ತಿದ್ದಳು, ಮತ್ತೆ ನೋಡುತ್ತಿದ್ದಳು. ಹೆಬ್ಬೆರಳು ಬೆವರಿತು.

ಒಮ್ಮೆಯೂ ಒತ್ತಲಿಲ್ಲ.

ಹಾಳೆಯಲ್ಲಿ ಎರಡು ಗೆರೆ. ಬಲಗಿವಿಯ ಕೆಂಪು ಗೆರೆ ಮೇಲೆ, ಎಡಗಿವಿಯ ನೀಲಿ ಗೆರೆ ಹಾಳೆಯ ತಳದಲ್ಲಿ. ಒಳಕಿವಿಯ ನರ ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದೆ, ಸಡನ್ ಹಿಯರಿಂಗ್ ಲಾಸ್ ಎಂದರು. ಇದು ಎಮರ್ಜೆನ್ಸಿ, ಎಷ್ಟು ದಿನವಾಯಿತು ಎಂದು ಕೇಳಿದರು. ಒಂಬತ್ತು ಎಂದೆ. ಅವರ ಪೆನ್ನು ನಿಂತಿತು.

"ಮೊದಲ ಎರಡು ಮೂರು ದಿನದಾಗ ಬಂದಿದ್ರ ಅವಕಾಶ ಭಾಳ ಇತ್ತಮ್ಮ. ಪೂರ್ತಿ ಬರ್ತಿತ್ತು ಅಂತ ಆಗಲೂ ಗ್ಯಾರಂಟಿ ಕೊಡಾಕ ಆಗ್ತಿರಲಿಲ್ಲ."

ನಾನು ಮೊದಲ ಮಾತನ್ನು ಇಟ್ಟುಕೊಂಡೆ. ಎರಡನೆಯದನ್ನು ಅಲ್ಲೇ ಬಿಟ್ಟು ಬಂದೆ.

ಸ್ಟೀರಾಯ್ಡ್ ಗುಳಿಗೆ ಶುರುವಾದವು. ಮುಖ ಉಬ್ಬಿ ಪೂರಿಯಾಯಿತು. ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು. ಎಂಆರ್‌ಐನಲ್ಲಿ ಗಂಟು ಗಿಂಟು ಏನೂ ಕಾಣಲಿಲ್ಲ, ಅದೊಂದು ಪುಣ್ಯ. ಆಮೇಲೆ ಕಿವಿತಮಟೆಯ ಮೂಲಕ ಒಳಗೇ ಇಂಜೆಕ್ಷನ್, ನಾಲ್ಕು ಸಲ. ಕೊಟ್ಟ ಮೇಲೆ ಅರ್ಧ ಗಂಟೆ ಮಗ್ಗುಲಾಗಿ ಮಲಗಬೇಕು, ಉಗುಳು ನುಂಗಬಾರದು. ಅಲ್ಲಿ ಮಲಗಿ ನಾನು ದೇವರ ಹೆಸರು ಹೇಳಲಿಲ್ಲ. ಮಲ್ಲಣ್ಣ, ಮಲ್ಲಣ್ಣ ಎಂದು ಜಪ ಮಾಡಿದೆ, ಒಳ್ಳೆಯ ಅರ್ಥದಲ್ಲಲ್ಲ. ಗುಳಿಗೆಯಿಂದ ಸಿಟ್ಟು ಬರಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು. ಗುಳಿಗೆ ನಿಂತವು. ಸಿಟ್ಟು ನಿಲ್ಲಲಿಲ್ಲ.

ನೀಲಿ ಗೆರೆ ಸ್ವಲ್ಪ ಮೇಲೆದ್ದು ಅಲ್ಲೇ ಕೂತಿತು. ಈಗ ಎಡಗಿವಿಗೆ ಬಾಗಿಲು ಬಡಿದದ್ದು ಗೊತ್ತಾಗುತ್ತದೆ, ಮಾತು ಗೊತ್ತಾಗುವುದಿಲ್ಲ. ಕಿವಿಯ ಮೆಷಿನ್ ಹಾಕಿಕೊಂಡರೂ ಮಾತು ಕಲಸಿದ ಹಿಟ್ಟಿನಂತೆ ಬರುತ್ತದೆ. ಕ್ಲಾಸಿನಲ್ಲಿ ಎಡಗಡೆಯ ಹುಡುಗಿ ಮೇಡಂ ಎಂದರೆ ಬಲಗಡೆ ತಿರುಗುತ್ತೇನೆ. ಮಕ್ಕಳು ಮೊದಲು ನಕ್ಕರು, ಆಮೇಲೆ ತಾವೇ ಎದ್ದು ಬಲಗಡೆಗೆ ಬಂದು ಕೇಳತೊಡಗಿದರು. ರಸ್ತೆ ದಾಟುವಾಗ ಹಾರ್ನ್ ಯಾವ ಕಡೆಯದೆಂದು ತಿಳಿಯದೆ ನಿಂತುಬಿಡುತ್ತೇನೆ. ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸುವುದು ಹಾಡು. ಮೊಬೈಲಿನಲ್ಲಿ ಎಲ್ಲ ಹಳೆಯ ಹಾಡುಗಳೂ ಇವೆ. ಒಂದೊಂದರಲ್ಲೂ ಏನೋ ಒಂದು ಇಲ್ಲ.

ಅಣ್ಣ ಫೋನ್ ಮಾಡಿ, ಹಣೆಬರಹ, ಏನು ಮಾಡುವುದು ಎಂದ. ಹಣೆಬರಹದ ಹೆಸರು ಮಲ್ಲಣ್ಣ ಎಂದು ಬಾಯಿಗೆ ಬಂದಿತ್ತು, ನುಂಗಿದೆ. ಮರುದಿನ ಅವನು ಗುಂಪಿನಲ್ಲಿ ಕ್ಯಾಸೆಟ್ಟು ಪೆನ್ಸಿಲ್ಲಿನ ಚಿತ್ರ ಹಾಕಿದ. ಅದರ ಕೆಳಗೆ ನಾನು ನನ್ನ ಆಡಿಯೋಗ್ರಾಮ್ ಹಾಕಿದೆ. ಯಾರೂ ಕೈ ಮುಗಿಯಲಿಲ್ಲ. ಗುಂಪು ಹದಿನೈದು ದಿನ ಸುಮ್ಮನಿತ್ತು.

ಅಷ್ಟಕ್ಕೆ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಬೇಸಿಗೆ ರಜೆ ಕೊಟ್ಟರು. ಬ್ಯಾಗು ತುಂಬಿಕೊಂಡು ದೇವದುರ್ಗಕ್ಕೆ ಹೋದೆ.

ಮೊದಲ ದಿನವೇ ಅಣ್ಣನ ಅಂಗಡಿಗೆ ಹೋಗಿ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕಟ್ಟೆಯ ಪಕ್ಕ ಕೂತೆ. ಕೈಯಲ್ಲಿ ಆಡಿಯೋಗ್ರಾಮ್, ಹರಿಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ. ಬಂದವರು ಡಾಕ್ಟ್ರೇ, ಸೊಂಟ ಹಿಡಿದಿದೆ ಎನ್ನುವುದೇ ತಡ, ನಾನು ಮಾತು ತೆಗೆಯುತ್ತಿದ್ದೆ. ಇವರು ಡಾಕ್ಟರಲ್ಲ, ನಾನು ಇವರ ಒಡಹುಟ್ಟಿದ ತಂಗಿ, ಈ ಕಿವಿ ಇವರ ಮೆಹರಬಾನಿ, ಇಗೋ ಇಲ್ಲಿದೆ ಹಾಳೆ. ಕೆಲವರು ನಕ್ಕರು. ಕೆಲವರು ನೀಲಿ ಗೆರೆಯ ಮೇಲೆ ಬೆರಳಿಟ್ಟು ನೋಡಿ ಆಸ್ಪತ್ರೆಯ ದಾರಿ ಹಿಡಿದರು.

ಮಧ್ಯಾಹ್ನ ಅಣ್ಣ ಹತ್ತಿರ ಬಂದ. "ಮಂದಿ ನಗ್ತಾರ ಸುಮಾ. ಮನಿಗಿ ನಡಿ."

"ರಜಾ ಅದ ಅಣ್ಣಾ. ಕುಂದರ್ತೀನಿ."

ಒಂಬತ್ತು ದಿನ ಕೂತೆ, ಎಣಿಸಿಯೇ. ಅವ್ವ ಬೇಡವೆಂದಳು, ಕೇಳಲಿಲ್ಲ. ವೈನಿ, ಎಂದರೆ ಅಣ್ಣನ ಹೆಂಡತಿ, ದಿನಾ ಎರಡು ಸಲ ಅಂಗಡಿಗೆ ಚಹಾ ಕಳಿಸಿದಳು. ಅಣ್ಣನಿಗಿಂತ ನನ್ನ ಕಪ್ಪಿನಲ್ಲಿ ಹೆಚ್ಚು.

ಒಂಬತ್ತನೇ ದಿನ ಮಟಮಟ ಮಧ್ಯಾಹ್ನ ಒಬ್ಬ ಹಿರಿಯರು ಎದೆ ಒತ್ತಿಕೊಂಡು ಬಂದು ಗ್ಯಾಸಿನ ಗುಳಿಗೆ ಕೇಳಿದರು. ಅಣ್ಣನ ಕೈ ಡ್ರಾಯರಿಗೆ ಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಆ ಕೈ ವಾಪಸ್ಸು ಬಂತು. ನನಗೆ ತಿಳಿಯುವುದಿಲ್ಲ ಯಜಮಾನರೇ, ಆಸ್ಪತ್ರೆಗೆ ಹೋಗೋಣ ನಡೆಯಿರಿ ಎಂದು, ಅಂಗಡಿಯನ್ನು ನನ್ನ ಮೇಲೆ ಬಿಟ್ಟು, ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದ.

ಒಂದೂವರೆ ತಾಸಿಗೆ ತಿರುಗಿ ಬಂದ. ಇಸಿಜಿ ತೆಗೆದರಂತೆ. ಬರೀ ಗ್ಯಾಸೇ ಇತ್ತಂತೆ.

ಈಗ ನನ್ನ ಮೇಲೆ ಹಾರುತ್ತಾನೆ ಅಂದುಕೊಂಡು ಸಜ್ಜಾಗಿ ಕೂತೆ. ಹಾರಲಿಲ್ಲ. ಸ್ಟೂಲು ಎಳೆದುಕೊಂಡು ನನ್ನ ಎಡಕ್ಕೆ ಕೂತ, ನೆಲ ನೋಡುತ್ತ ಏನೋ ಹೇಳಿದ. ತುಟಿ ಅಲ್ಲಾಡಿದ್ದು ಕಂಡಿತು. ಏನು ಹೇಳುತ್ತಿದ್ದಾನೆಂದು ಆ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ನನಗೂ ತಿಳಿಯಿತು. ತಲೆಯಾಡಿಸಿ ಬಿಟ್ಟುಬಿಡಬಹುದಿತ್ತು.

"ಈ ಕಡಿ ಬಂದು ಹೇಳು," ಎಂದೆ.

ಕಟ್ಟೆಯ ಮುಂದೆ ಗಿರಾಕಿಗಳು ನಿಂತಿದ್ದರು. ಅವನು ಅವರನ್ನು ನೋಡಿದ, ನನ್ನನ್ನು ನೋಡಿದ. ಎದ್ದು ಕುರ್ಚಿಯನ್ನು ಸುತ್ತಿ ಬಲಗಡೆಗೆ ಬಂದು ನಿಂತ.

"ತಪ್ಪಾತು ಸುಮಾ. ಅವತ್ತ ನಿನ್ನ ಕಿವ್ಯಾಗ ಏನೂ ಕಾಣಲಿಲ್ಲ. ತಿಳೀವಲ್ದು ಅಂತ ಹೇಳಾಕ ನಾಚಿಕಿ ಬಂತು. ಅದಕ್ಕ ಗುಗ್ಗಿ ಅಂದೆ."

ಗುಗ್ಗೆ ಇಲ್ಲವೆಂದು ಅವನಿಗೆ ಅವತ್ತೇ ಗೊತ್ತಿತ್ತು.

"ಕೇಳಿಸಲಿಲ್ಲ," ಎಂದೆ. "ಜೋರಾಗಿ ಹೇಳು."

ಅವನು ಗಿರಾಕಿಗಳಿಗೆಲ್ಲ ಕೇಳುವಂತೆ ಅಷ್ಟನ್ನೂ ಮತ್ತೊಮ್ಮೆ ಹೇಳಿದ. ನಾಚಿಕೆ ಎನ್ನುವಲ್ಲಿ ದನಿ ಒಡೆಯಿತು. ನನಗೆ ಮೊದಲ ಸಲವೇ ಸ್ಪಷ್ಟವಾಗಿ ಕೇಳಿಸಿತ್ತು. ಮೂರನೇ ಸಲವೂ ಹೇಳಿಸಬೇಕೆಂದಿದ್ದೆ. ಬಿಟ್ಟೆ.