ಎಲ್ಲರನ್ನೂ ಕರೆದ ಕಾಶಿಬಾಯಿ

ಮೊಮ್ಮಕ್ಕಳೇ, ಅಂಬಿಕಾ, ಶರಣು, ಕೇಳಿ: ನಗುವಾಗ ಹೆಂಗಸರೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಂಡರೆ ಕಾಶಿಬಾಯಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಬಾಯಿ ಅಗಲವಾಗಿ ತೆರೆದೇ ಇರುತ್ತಿತ್ತು. ನಮ್ಮ ತಗಡಿನ ಶೆಡ್ಡುಗಳ ಈ ತುದಿಯಲ್ಲಿ ಅವಳು ನಕ್ಕರೆ ಆ ತುದಿಯಲ್ಲಿ ಮಲಗಿದ ಕೂಸು ಎದ್ದು ಅಳುತ್ತಿತ್ತು. ನಾನೋ ಗಟ್ಟಿಯಾಗಿ ಕೆಮ್ಮಲೂ ನಾಚುವವಳು. ನಿಮಗೆ ಇವತ್ತು ಅಜ್ಜಿ ಇದ್ದಾಳೆಂದರೆ ಅದು ಆಕೆಯಿಂದ.

ಆಗ ತೆಲುಗು ಸೀಮೆಯ ಮಿಯಾಪುರದಲ್ಲಿ ಸಾಫ್ಟ್‌ವೇರ್ ಕೆಲಸದವರಿಗಾಗಿ ಎತ್ತರದ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಅಂಥದೊಂದು ಕಟ್ಟಡದಲ್ಲಿ ಬುಟ್ಟಿ ಹೊರುತ್ತಿದ್ದೆ. ನಿಮ್ಮ ಅವ್ವ ಇನ್ನೂ ಶಾಲೆಯ ಹುಡುಗಿ. ಬೀದರ ಕಡೆಯ ಕಾಶಿಬಾಯಿ ನಮ್ಮ ಹೆಣ್ಣಾಳುಗಳ ಗುಂಪಿಗೆ ಮುಂದಾಳು. ಹೆಂಗಸರ ಕ್ಯಾನ್ಸರ್ ಪರೀಕ್ಷೆಗೆಂದು ಭಾನುವಾರ ಒಂದು ಆಸ್ಪತ್ರೆ ಗಾಡಿ ಬರತೊಡಗಿದಾಗ, ಹೆಂಗಸರನ್ನು ಕರೆತರುವ ಕೆಲಸವನ್ನು ಆಸ್ಪತ್ರೆಯವರು ಆಕೆಗೇ ಒಪ್ಪಿಸಿದರು.

ಮೊದಲ ಭಾನುವಾರ ಒಬ್ಬಳೂ ಹೋಗಲಿಲ್ಲ. ಗಾಡಿಯ ಡ್ರೈವರ್ ಮೈಕಿನಲ್ಲಿ ಗರ್ಭಕೋಶ, ಕ್ಯಾನ್ಸರ್ ಎಂದು ತೆಲುಗಿನಲ್ಲಿ, ಹಿಂದಿಯಲ್ಲಿ ಕೂಗಿದ್ದೇ ತಡ, ಗಂಡಸರು ಮುಸಿಮುಸಿ ನಕ್ಕರು, ಹೆಂಗಸರು ಒಳಗೆ ಸೇರಿಕೊಂಡರು. ಕಾಶಿಬಾಯಿ ಅವನ ಮೇಲೆ ಏರಿಹೋದಳು. "ಬಂದ್ ಮಾಡೋ ಭಾಡ್ಯಾ! ಹೆಣ್ಣಮಕ್ಕಳ ಗುಟ್ಟು ಏನ್ ಬದನಿಕಾಯೇನು, ಒದರಿ ಮಾರಾಕ?"

ಮುಂದಿನ ಭಾನುವಾರ ಆಕೆ ಕುಂಕುಮದ ಭರಣಿ ಹಿಡಿದು ಬಾಗಿಲು ಬಾಗಿಲಿಗೆ ಹೊರಟಳು. ನಮ್ಮ ಕಡೆ ಉಡಿ ತುಂಬುವ ಕಾರ್ಯಕ್ಕೆ ಹೀಗೆ ಹಣೆಗೆ ಕುಂಕುಮ ಹಚ್ಚಿ ಕರೆಯುತ್ತಾರೆ. ಹಚ್ಚಿಸಿಕೊಂಡ ಮೇಲೆ ಒಲ್ಲೆ ಎನ್ನುವಂತಿಲ್ಲ. ಅತ್ತೆ ತಡೆಯುವಂತಿಲ್ಲ, ಗಂಡ ಯಾಕೆಂದು ಕೇಳುವಂತಿಲ್ಲ. ಆದರೂ ಒಬ್ಬ ಎಲ್ಲಿಗೆ ಕರೆದೊಯ್ಯುತ್ತೀ ಎಂದು ಕೇಳಿದ.

"ಹೆಣ್ಣಮಕ್ಕಳ ಕಾರ್ಯ ಐತ್ರಿ ಮಾವಾ. ನೀವೂ ಬರ್ತೀರೇನು? ಬರ್ರಿ, ಹಣಿ ಮುಂದ ಮಾಡ್ರಿ."

ಅವನು ಬೀಡಿ ಎಸೆದು ಹೊರಗೆ ನಡೆದ. ಅವತ್ತು ಗಾಡಿಯ ಮುಂದೆ ಹೆಂಗಸರ ಸಾಲು.

ನನ್ನ ಬಾಗಿಲನ್ನು ಮಾತ್ರ ಆಕೆ ದಾಟಿ ಹೋದಳು. ಅದರಲ್ಲಿ ಕೆಟ್ಟತನವಿರಲಿಲ್ಲ. ವಿಧವೆಯ ಮುಂದೆ ಭರಣಿ ಹಿಡಿದು ನಿಂತರೆ ಮನಸ್ಸಿಗೆ ನೋವಾದೀತೆಂದು ಎಲ್ಲರೂ ಹಾಗೆಯೇ ದಾಟುತ್ತಿದ್ದರು. ಆದರೆ ನನಗೆ ಆಗ ಮುಟ್ಟಿನ ದಿನ ಬಿಟ್ಟು ನಡುವೆಯೂ ರಕ್ತ ಕಾಣಿಸುತ್ತಿತ್ತು. ನನ್ನ ಅವ್ವ ಊರಲ್ಲಿ ಹೀಗೆಯೇ, ಯಾರಿಗೂ ಹೇಳದೆ ಬಟ್ಟೆ ಒಗೆದು ಒಗೆದು ಸತ್ತಿದ್ದಳು. ತಗಡಿನ ಸಂದಿಯಿಂದ ಆ ಸಾಲನ್ನು ನೋಡುತ್ತ, ಇದು ಗಂಡ ಇದ್ದವರಿಗೆ ಮಾತ್ರ ಇರುವ ಪರೀಕ್ಷೆ ಎಂದುಕೊಂಡೆ. ನಾನು ಹೋದರೆ ಜನ ಏನೆಂದಾರು? ಹಾಗೆಯೇ ಕೆಲವು ಭಾನುವಾರ ಕಳೆದವು.

ಒಂದು ಭಾನುವಾರ ಗಾಡಿಯ ನರ್ಸಮ್ಮ ಕಾಶಿಬಾಯಿಯನ್ನು ಕೇಳಿದರಂತೆ, ನಿಮ್ಮಲ್ಲಿ ಗಂಡ ಸತ್ತವರು ಒಬ್ಬರೂ ಇಲ್ಲವೇ ಎಂದು. ಆಕೆ ನೆಟ್ಟಗೆ ನನ್ನ ಶೆಡ್ಡಿಗೆ ಬಂದಳು. ಕೈಯಲ್ಲಿ ಭರಣಿ ಇರುವುದು ಹೊಸ್ತಿಲಲ್ಲಿ ನೆನಪಾಗಿ, ಅದನ್ನು ಪಕ್ಕದವಳ ಕೈಗೆ ತುರುಕಿ ಒಳಗೆ ಕುಳಿತಳು.

"ಏಳ ಯಕ್ಕಾ, ಗಾಡಿ ನಿಂತೈತಿ."

"ನಾ ಯಾಕ ಬರ್ಲಿ? ಅದು ಮುತ್ತೈದೇರಿಗೆ."

"ಗಂಡ ಸತ್ತಾನಂತ ಗರ್ಭಚೀಲಕ್ಕ ಯಾರು ಹೇಳ್ಯಾರ?"

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಆಕೆ ನಗಲಿಲ್ಲ. "ನನ್ನ ಬುದ್ಧಿಗಿಷ್ಟು ಮಣ್ಣು ಬೀಳಲಿ, ಇಷ್ಟ ದಿನ ನಿನ್ನ ಬಾಗಲಾ ದಾಟಿ ಹೋದ್ನಲ್ಲ," ಎಂದು ರಟ್ಟೆ ಹಿಡಿದು ಎಬ್ಬಿಸಿದಳು.

ಗಾಡಿಯೊಳಗೆ ಪರದೆಯ ಹಿಂದೆ ಮಲಗಿದೆ. "ಭಯಂ ಲೇದಮ್ಮಾ" ಎಂದು ತೆಲುಗಿನಲ್ಲಿ ಧೈರ್ಯ ಹೇಳುತ್ತಿದ್ದ ನರ್ಸಮ್ಮ ಔಷಧ ಹಚ್ಚಿ ದೀಪ ಹಿಡಿದು ನೋಡಿದರು, ದೀಪ ಇನ್ನಷ್ಟು ಹತ್ತಿರ ತಂದು ಮತ್ತೊಮ್ಮೆ ನೋಡಿದರು. ಗರ್ಭಕೋಶದ ಬಾಯಲ್ಲಿ ಬಿಳಿ ಕಲೆ ಇದೆ, ದೊಡ್ಡಾಸ್ಪತ್ರೆಯಲ್ಲಿ ಚೂರು ತೆಗೆದು ನೋಡಬೇಕು ಎಂದರು. ಅಲ್ಲಿ ತೆಗೆದರು. ಫಲಿತಾಂಶಕ್ಕೆ ಕಾಯಿರಿ ಎಂದು ಕಳಿಸಿದರು.

ಆ ದಿನಗಳಲ್ಲಿ ನಿಮ್ಮ ಅವ್ವನ ತಲೆ ಬಾಚುವಾಗ ಕೈ ನಿಂತುಬಿಡುತ್ತಿತ್ತು. ನಾನು ಹೋದರೆ ಇವಳು ಯಾರ ಮನೆಯಲ್ಲಿ ಇರುತ್ತಾಳೆ, ಯಾರು ಓದಿಸುತ್ತಾರೆ? ಕಾಶಿಬಾಯಿ ಸಂಜೆ ಬಂದು ಕುಳಿತು ಪುಂಡಿಪಲ್ಯದ ಎಲೆ ಸೋಸುತ್ತಿದ್ದಳು. ನಾನು ಒಮ್ಮೆ ತಡೆಯಲಾರದೆ ಕೇಳಿದೆ, "ಖರೆ ಹೇಳು, ನಾ ಉಳೀತೀನೇನು?"

"ನನಗೇನ್ ಗೊತ್ತು? ನಾ ದೇವರಲ್ಲ, ಡಾಕ್ಟರಲ್ಲ. ಆಸ್ಪತ್ರಿಗೆ ನಿನ್ನ ಕೂಡ ಬರ್ತೀನಿ, ಅಷ್ಟು ಗೊತ್ತು."

ಬಂದಳು. ಇನ್ನೂ ಕ್ಯಾನ್ಸರ್ ಆಗಿಲ್ಲ, ಬಿಟ್ಟರೆ ಆಗಬಹುದಿತ್ತು ಎಂದರು ಡಾಕ್ಟರು. ಚಿಕ್ಕ ಚಿಕಿತ್ಸೆ ಮಾಡಿ, ಆಗಾಗ ಬಂದು ತೋರಿಸಿ ಎಂದು ಕಳಿಸಿದರು. ಮರಳುವ ಬಸ್ಸಿನಲ್ಲಿ ಅಮೀರ್‌ಪೇಟೆ ದಾಟಿದ ಮೇಲೆ ನನಗೆ ಹೊಳೆಯಿತು. "ನಿಂದು ಯಾವಾಗ ಆತು ಪರೀಕ್ಷಾ?"

"ಕರಿಯಾಕ ಹೋದಾಕಿ ಮೊದಲ ಉಣ್ಣಾಕ ಕೂಡ್ರತಾಳೇನು? ಎಲ್ಲಾರ್ದೂ ಮುಗೀಲಿ," ಎಂದು ನಕ್ಕಳು.

ಉಡಿ ತುಂಬಿದ ಮನೆಯಲ್ಲಿ ಕರೆದವಳು ಕಡೆಯ ಪಂಕ್ತಿಯಲ್ಲೇ ಕೂರುವುದು. ಆದರೆ ಇಲ್ಲಿ ಕಡೆಯ ಪಂಕ್ತಿ ಬರಲೇ ಇಲ್ಲ. ಪ್ರತಿ ತಿಂಗಳೂ ಊರಿನಿಂದ ಹೊಸ ಹೆಂಗಸರು ಬರುತ್ತಿದ್ದರು. ನಾನು ಮೆಲ್ಲಗೆ ನೆನಪಿಸುತ್ತಿದ್ದೆ. ಅವಳ ನಗೆಯಲ್ಲಿ ನನ್ನ ಮಾತು ಮುಳುಗಿಹೋಗುತ್ತಿತ್ತು.

ಕಟ್ಟಡ ಮುಗಿಯಿತು. ನನಗೆ ಅಲ್ಲಿಯೇ ಕಸ ಗುಡಿಸುವ ಕೆಲಸ ಸಿಕ್ಕಿತು. ನಮ್ಮ ಗುಂಪಿನ ಉಳಿದವರನ್ನು ಶಂಶಾಬಾದಿಗೆ, ವಿಮಾನ ನಿಲ್ದಾಣದ ಕಡೆಯ ಕೆಲಸಕ್ಕೆ ಕಳಿಸಿದರು. ಪಾತ್ರೆ, ಹಾಸಿಗೆಗಳ ನಡುವೆ ಕಾಶಿಬಾಯಿ ಲಾರಿಯಲ್ಲಿ ಕುಳಿತಿದ್ದಳು. ಎಲ್ಲಿಂದ ಧೈರ್ಯ ಬಂತೋ, ಅಷ್ಟೂ ಗಂಡಸರ ಮುಂದೆ ಕೂಗಿದೆ: "ಕಾಶೀಬಾಯಿ, ಇಳಿ! ನಾಳೆ ಗಾಡಿ ಬರತೈತಿ. ಪರೀಕ್ಷಾ ಮಾಡಿಸ್ಕೊಂಡ ಹೋಗು!"

ಲಾರಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆಕೆ ಅಂದು ನಗಲಿಲ್ಲ. "ಅಲ್ಲಿ ಮಾಡಿಸ್ಕೋತೀನಿ ಯಕ್ಕಾ. ನಿನ್ನ ಆಣಿ," ಎಂದಳು. ಲಾರಿ ಹೊರಟಿತು.

ರಜೆ ಸಿಕ್ಕಾಗ ನಾನು ಶಂಶಾಬಾದಿಗೆ ಹೋದೆ. ಅಷ್ಟರಲ್ಲಿ ಗುಂಪು ಚದುರಿತ್ತು. ಮೈಗೆ ಹುಷಾರಿಲ್ಲವೆಂದು ಊರಿಗೆ ಹೋದಳು ಎಂದಳು ಒಬ್ಬಳು. ಇಲ್ಲ, ಬೇರೆ ಸೈಟಿನಲ್ಲಿ ಹೆಂಗಸರನ್ನು ಕರೆಯುತ್ತ ತಿರುಗುತ್ತಿದ್ದಳು, ನಾನೇ ಕಂಡೆ ಎಂದಳು ಇನ್ನೊಬ್ಬಳು. ಯಾವುದು ಖರೆಯೋ ನನಗೆ ಇಂದಿಗೂ ತಿಳಿಯದು. ಆಣೆ ನಡೆಸಿದಳೋ ಇಲ್ಲವೋ ಎನ್ನುವುದೂ ತಿಳಿಯದು. ಅನ್ನ ಕಲಸುತ್ತಿರುವಾಗ ಒಮ್ಮೊಮ್ಮೆ ಆ ಯೋಚನೆ ಬಂದು ತಟ್ಟೆ ಸರಿಸಿ ಎದ್ದುಬಿಡುತ್ತೇನೆ.

ಮಕ್ಕಳೇ, ನನ್ನ ಹತ್ತಿರ ಆಕೆಯ ಫೋಟೋ ಇಲ್ಲ, ಊರಿನ ಹೆಸರೂ ಗೊತ್ತಿಲ್ಲ, ನಾನು ಬರೆದ ಈ ಹಾಳೆಗಳಷ್ಟೇ. ಇವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಎಲ್ಲಿಯಾದರೂ ಕಾಶಿಬಾಯಿ ಎಂಬ ಮುದುಕಿ ಸಿಕ್ಕರೆ ನಾನು ಹೇಗಿದ್ದೇನೆಂದು ಹೇಳುವುದು ಆಮೇಲೆ. ಅವಳ ಪರೀಕ್ಷೆ ಆಯಿತೇ ಎಂದು ಮೊದಲು ಕೇಳಿ.