ಬಸಳೆಯ ಪಕ್ಕದ ಬ್ಯಾಟರಿಗಳು

ಡಿಸೆಂಬರ್ ಬಂತೆಂದರೆ ಕುವೈತಿನ ಫಿಂಟಾಸ್‌ನ ನಮ್ಮ ಫ್ಲ್ಯಾಟಿನಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಒಳಗೆ ಬರುತ್ತದೆ, ಬೋಟಿನ ಎರಡು ಬ್ಯಾಟರಿಗಳು ಬಾಲ್ಕನಿಗೆ ಹೋಗುತ್ತವೆ. ಬೋಟು ನಮ್ಮದಲ್ಲ, ನನ್ನ ಗಂಡನಿಗೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡಿರುವ ಕಫೀಲ್‌ನದು. ಚಳಿಯಲ್ಲಿ ಆ ಹಿರಿಯರು ಮೀನು ಹಿಡಿಯಲು ಹೋಗುವುದಿಲ್ಲ. ಬೋಟು ಅವರ ಮನೆಯ ಹಿಂದೆ ಟ್ರೈಲರ್ ಮೇಲೆ ಟಾರ್ಪಾಲು ಹೊದ್ದು ಕೂತಿರುತ್ತದೆ. ಬ್ಯಾಟರಿಯನ್ನು ಅದರಲ್ಲೇ ಬಿಟ್ಟರೆ ಕೆಲಸವಿಲ್ಲದೆ ಸೊರಗಿ ಮಾರ್ಚ್ ಹೊತ್ತಿಗೆ ಸತ್ತಿರುತ್ತದೆ. ಅದಕ್ಕೇ ಅವರ ಮನೆಯ ವಿದ್ಯುತ್ ಕೆಲಸವನ್ನೆಲ್ಲ ನೋಡುವ ನನ್ನ ಗಂಡ ಅವನ್ನು ಬಿಚ್ಚಿ ತಂದು, ಆಗಾಗ ಚಾರ್ಜಿಗೆ ಹಾಕಿ, ಒಳಗಿನ ನೀರಿನ ಮಟ್ಟ ನೋಡಿ ಕಾಪಾಡುತ್ತಾರೆ.

ಕಳೆದ ಚಳಿಗಾಲಕ್ಕೆ ಮುಂಚೆ ನನ್ನ ಗಂಡನಿಗೆ ಕಣ್ಣಿನ ಆಪರೇಷನ್ ಆಯಿತು. ಆಮೇಲೆ ಕನ್ನಡಕ ಹಾಕಿದರೂ ಸಣ್ಣ ಗೆರೆಗಳು ಮಸುಕು. ಕಫೀಲ್ ಒಳ್ಳೆಯವರು, ಆದರೆ ನೇರ ಮಾತಿನವರು. "ಮಾರ್ಚಿನಲ್ಲಿ ಬೋಟು ಸ್ಟಾರ್ಟ್ ಆದರೆ ಕೆಲಸ ನಿನ್ನದೇ. ಆಗದಿದ್ದರೆ ಊರಿಗೆ ಹೋಗಿ ವಿಶ್ರಾಂತಿ ತಗೋ" ಎಂದರು. ಆ ಕೆಲಸದ ಮೇಲೆ ಇವರ ಇಕಾಮಾ ಎಂಬ ವಾಸದ ಪರವಾನಗಿ, ಇವರ ಇಕಾಮಾದ ಮೇಲೆ ನನ್ನದು. ಮಗಳು, ಮೊಮ್ಮಗಳು ಪಕ್ಕದ ಅಬು ಹಲೀಫಾದಲ್ಲಿದ್ದಾರೆ. ಹೊರಡುವ ಮನಸ್ಸು ನಮಗಿರಲಿಲ್ಲ.

ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. "ಇನ್ನು ಕಣ್ಣು ನನ್ನದು, ತಲೆ ನಿಮ್ಮದು" ಎಂದೆ.

"ಸಿಸ್ಟರ್, ಇವಕ್ಕೂ ಬೆಳಗ್ಗೆ ಜ್ವರ ನೋಡುತ್ತೀಯಾ?" ತಮಾಷೆಗೆ ಅವರು ನನ್ನನ್ನು ಹಾಗೆಯೇ ಕರೆಯುವುದು.

"ನೋಡುತ್ತೇನೆ. ರೋಗಿಯ ಮನೆಯವರು ಹೊರಗೆ ನಿಲ್ಲಬೇಕು."

ನಿಯಮವೆಂದರೆ ನಿಯಮ. ಕೈಗವಸು ಹಾಕದೆ ಯಾರೂ ಮುಟ್ಟುವಂತಿಲ್ಲ. ಚಾರ್ಜಿಗೆ ಹಾಕಿದಾಗ ಬಾಲ್ಕನಿಯ ಹತ್ತಿರ ಬೆಂಕಿಕಡ್ಡಿ ಗೀರುವಂತಿಲ್ಲ. ಗಾಜಿನ ಕೊಳವೆಯಲ್ಲಿ ಆಮ್ಲವನ್ನು ಎಳೆದು, ಚಾರ್ಜು ಏರಿದಷ್ಟೂ ಮೇಲೆ ತೇಲುವ ಕಡ್ಡಿಯ ಗೆರೆಯನ್ನು ನಾನು ಓದುತ್ತಿದ್ದೆ, ಅವರು ಕೇಳಿಸಿಕೊಂಡು "ಸಾಕು" ಅಥವಾ "ಇನ್ನೂ ಬಿಡು" ಎನ್ನುತ್ತಿದ್ದರು. ಜನವರಿ ಹೀಗೆ ಚೆನ್ನಾಗಿಯೇ ಕಳೆಯಿತು.

ಫೆಬ್ರವರಿಯಲ್ಲಿ ಮೊಮ್ಮಗಳಿಗೆ ಜ್ವರ ಬಂದು ನಾವಿಬ್ಬರೂ ಕೆಲವು ದಿನ ಮಗಳ ಮನೆಯಲ್ಲಿ ಉಳಿದೆವು. ಬಾಲ್ಕನಿಯ ಬಸಳೆಗೆ ನೀರು ಹಾಕಲು ಕೆಳಗಿನ ಅಂಗಡಿಯ ಬ್ಯಾರಿಗಳ ಕೈಯಲ್ಲಿ ಕೀಲಿ ಕೊಟ್ಟಿದ್ದೆ. ಬಂಟ್ವಾಳದ ಕಡೆಯವರು, ನಂಬಿಕೆಯ ಮನುಷ್ಯ.

ಮರಳಿ ಬಂದ ಬೆಳಗ್ಗೆ ಮುಚ್ಚಳ ತೆಗೆದು ನೋಡಿದರೆ ಒಂದು ಬ್ಯಾಟರಿಯ ಕುತ್ತಿಗೆಯವರೆಗೂ ನೀರು. ಬ್ಯಾರಿಗಳನ್ನು ಮೇಲಕ್ಕೆ ಕರೆಸಿದೆ.

"ಬಸಳೆಗೆ ಹಾಕಿ ಉಳಿದಿತ್ತು ಬಾಯಮ್ಮ. ಇದರಲ್ಲೂ ಕಡಿಮೆ ಕಂಡಿತು. ಪೊರ್ಬುಗಳು ಹಾಕುವುದನ್ನು ನೋಡಿದ್ದೇನಲ್ಲ." ಪೊರ್ಬುಗಳೆಂದರೆ ನನ್ನ ಗಂಡ; ನಮ್ಮ ಕರಾವಳಿಯಲ್ಲಿ ಕ್ರೈಸ್ತರನ್ನು ಕರೆಯುವುದು ಹಾಗೆ, ಹೆಂಗಸರನ್ನು ಬಾಯಮ್ಮ ಎಂದು.

"ಅವರು ಹಾಕುವುದು ಡಿಸ್ಟಿಲ್ಡ್ ವಾಟರ್. ನೀವು ಹಾಕಿದ್ದು ನಲ್ಲಿಯದು."

"ಇಲ್ಲಿಯ ನಲ್ಲಿ ನೀರೆಂದರೆ ಸಮುದ್ರವನ್ನು ಕುದಿಸಿ ಆವಿ ಹಿಡಿದದ್ದೇ ಅಲ್ಲವಾ? ಅದಕ್ಕಿಂತ ಡಿಸ್ಟಿಲ್ಡ್ ಬೇರೆ ಯಾವುದು?"

ನನ್ನ ಗಂಡ ಹೇಳಿದರು: "ಆವಿ ಹಿಡಿದ ಮೇಲೆ ಕುಡಿಯಲು ರುಚಿಯಾಗಲಿ ಎಂದು ನೆಲದ ಉಪ್ಪುನೀರು ಬೆರೆಸುತ್ತಾರೆ ಬ್ಯಾರಿಗಳೇ. ಅದು ನಿಮ್ಮ ಚಹಾಕ್ಕೆ ಒಳ್ಳೆಯದು, ಬ್ಯಾಟರಿಗಲ್ಲ."

ಬ್ಯಾರಿಗಳ ಮುಖ ಸಣ್ಣದಾಯಿತು. ಕಫೀಲ್ ಹೇಳಿದ ಮಾತು ಅವರಿಗೂ ಗೊತ್ತಿತ್ತು.

"ಇನ್ನೊಂದಕ್ಕೂ ಹಾಕಿದಿರಾ?" ಎಂದೆ.

"ಇಲ್ಲ. ಅಷ್ಟರಲ್ಲಿ ಊರಿನಿಂದ ಹೆಂಡತಿಯ ಫೋನ್ ಬಂತು."

"ಅವರಿಗೆ ನನ್ನ ಸಲಾಂ ತಿಳಿಸಿ" ಎಂದರು ನನ್ನ ಗಂಡ.

ಹೆಚ್ಚಾದದ್ದನ್ನು ರಬ್ಬರ್ ಬಲ್ಬಿನಿಂದ ತೆಗೆದೆ. ನಿಧಾನವಾಗಿ ಚಾರ್ಜ್ ಮಾಡಿದೆವು. ಗೆರೆ ಮೇಲೇರಿತು, ಆದರೆ ಜೊತೆಯದ್ದಕ್ಕಿಂತ ಸ್ವಲ್ಪ ಕೆಳಗೇ ನಿಂತಿತು. ನಡೆದದ್ದನ್ನು ಕಫೀಲ್‌ಗೆ ಹೇಳಿಯೇ ಬ್ಯಾಟರಿ ಕೊಡುವುದೆಂದು ಇಬ್ಬರೂ ಒಪ್ಪಿದೆವು. ವಾರ್ಡಿನಲ್ಲಿಯೂ ಹಾಗೆಯೇ. ಏನು ನಡೆದಿದೆಯೋ ಅದನ್ನು ತಿಳಿಸದೆ ಡ್ಯೂಟಿ ಒಪ್ಪಿಸುವಂತಿಲ್ಲ.

ಮಾರ್ಚಿನಲ್ಲಿ ಬೋಟನ್ನು ನೀರಿಗಿಳಿಸಿದ ದಿನ ನಾನೂ ದಡದಲ್ಲಿದ್ದೆ. ಇವರು ಕಫೀಲ್‌ಗೆ ಅರಬಿಯಲ್ಲಿ ಎಲ್ಲವನ್ನೂ ಹೇಳಿದರು. ಬಸಳೆಯ ವಿಷಯ ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಸೀಟಿನ ಕೆಳಗೆ ಯಾವ ಬ್ಯಾಟರಿ ಬೇಕೆಂದು ಆರಿಸುವ ಸ್ವಿಚ್ ಇದೆ. ಕಫೀಲ್ ಬಗ್ಗಿ ಅದನ್ನು ತಿರುಗಿಸಿದರು.

"ಮೊದಲು ಕೆಟ್ಟದ್ದನ್ನೇ ನೋಡೋಣ."

ಕೀ ತಿರುಗಿಸಿದಾಗ ಎಂಜಿನ್ ಒಮ್ಮೆ ನರಳಿ ನಿಂತಿತು. ನನ್ನ ಗಂಡ ತಲೆ ಬಾಗಿಸಿ ಕೇಳುತ್ತಿದ್ದರು. "ಇನ್ನೊಮ್ಮೆ" ಎಂದರು. ಎರಡನೇ ಸಲ ಅದು ಕೆಮ್ಮಿ, ಹಿಡಿದುಕೊಂಡು, ಓಡತೊಡಗಿತು. ಒಳ್ಳೆಯ ಬ್ಯಾಟರಿಗೆ ಬದಲಿಸಿದಾಗ ಕೇಳುವುದೇ ಬೇಡ, ಮುಟ್ಟಿದ ಕೂಡಲೇ ಹೊರಟಿತು.

ಕಫೀಲ್ ಅಭಿನಂದನೆ ಹೇಳುವವರಲ್ಲ. "ಬೇಸಿಗೆ ಮುಗಿಯುವುದರೊಳಗೆ ಆ ಕೆಟ್ಟದ್ದನ್ನು ಬದಲಿಸು" ಎಂದರು. "ಬರುವ ಚಳಿಗೆ ನನ್ನ ತಮ್ಮನ ಬೋಟಿನದೂ ತಗೊಂಡು ಹೋಗು. ಯಲ್ಲಾ, ಹಗ್ಗ ಬಿಚ್ಚು."

ಬೋಟು ದೂರ ಸಾಗುವವರೆಗೂ ನಾವು ಅಲ್ಲಿಯೇ ನಿಂತೆವು. ದೂರದ್ದು ಇವರಿಗೆ ಚೆನ್ನಾಗಿ ಕಾಣುತ್ತದೆ.

"ಸಿಸ್ಟರ್, ನಾಲ್ಕು ಬ್ಯಾಟರಿ ಎಲ್ಲಿಡುವುದು?"

ನಾನು ಅದನ್ನು ಆಗಲೇ ಯೋಚಿಸಿದ್ದೆ. "ಬಸಳೆಯನ್ನು ಕೆಳಗೆ ಅಂಗಡಿಯ ಬಾಗಿಲಿಗೆ ಇಳಿಸೋಣ. ಬ್ಯಾರಿಗಳು ಅಲ್ಲಿಯೇ ಎಷ್ಟು ಬೇಕಾದರೂ ನೀರು ಹಾಕಲಿ."